ಹತ್ತೂಕಾಲರ ಕನ್ನಡಿ ಪಾಠ

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಬ್ರೇಕು ಎರಡು ಇರುತ್ತವೆ. ಒಂದು ಕಲಿಯುವವರ ಕಾಲ ಕೆಳಗೆ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂತು ಕಲಿಸುವವರ ಕಾಲ ಕೆಳಗೆ. ಮೊದಲನೆಯದು ಕೆಟ್ಟಿರುವುದಿಲ್ಲ, ಬೇಕಾದ ಹೊತ್ತಿಗೆ ಕಲಿಯುವವರ ಕಾಲಿಗೆ ಅದು ಸಿಗುವುದಿಲ್ಲ, ಅಷ್ಟೇ. ಆಗ ಎರಡನೆಯದನ್ನು ಒತ್ತುವವಳು ಬ್ರೇಕಕ್ಕ. ಹತ್ತೊಂಬತ್ತು ವರ್ಷದಿಂದ ಆ ಸೀಟಿನಲ್ಲಿ ಕೂತು ಊರಿನ ಅರ್ಧ ಜನಕ್ಕೆ ಗಾಡಿ ಕಲಿಸಿದ್ದಾಳೆ, ಉಳಿದರ್ಧ ಜನದ ಜೀವ ಉಳಿಸಿದ್ದಾಳೆ. ಹೆತ್ತವರು ಇಟ್ಟ ಹೆಸರು ಅವಳ ಲೈಸೆನ್ಸಿನಲ್ಲಿ ಇದೆಯಂತೆ, ಕರೆಯುವವರು ಯಾರೂ ಇಲ್ಲ.

ಅವಳು ರಸ್ತೆ ನೋಡುವುದಕ್ಕಿಂತ ಹೆಚ್ಚಾಗಿ ಕಲಿಯುವವರ ಉಸಿರು ಕೇಳುತ್ತಾಳೆ. ಉಸಿರು ಹಿಡಿದರೆಂದರೆ ಮುಂದಿನ ಕ್ಷಣ ಏನೋ ಯಡವಟ್ಟು ಕಾದಿದೆ ಎಂದೇ ಲೆಕ್ಕ. ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಬಾಯಿ ಮಾತ್ರ ಸ್ವಲ್ಪ ಖಾರ. "ಸ್ಟೇರಿಂಗ್ ಹಿಡ್ಕೊಳ್ಳಿ ಅಂದೆ, ಅದರ ಕುತ್ತಿಗೆ ಹಿಸುಕಿ ಅಂದ್ನಾ?" ಎಂದು ದೊಡ್ಡ ಆಫೀಸರನ್ನೂ ಕೇಳಿಬಿಡುತ್ತಾಳೆ. ಇಷ್ಟು ವರ್ಷದಲ್ಲಿ ಅವಳ ಕಾರಿನ ಬಂಪರಿಗೆ ಒಂದು ಗೀರು ಬಿದ್ದಿಲ್ಲ. ಈ ವಿಷಯ ಅವಳಿಗೆ ಗೊತ್ತು, ಮತ್ತು ಬೇರೆಯವರಿಗೂ ಗೊತ್ತಿರುವಂತೆ ಅವಳು ನೋಡಿಕೊಂಡಿದ್ದಾಳೆ.

ಸ್ಕೂಲು ಶುರು ಮಾಡಿದ್ದು ಅವಳ ಅಪ್ಪ. ಹೋಗುವಾಗ ಸ್ಕೂಲನ್ನು ಮಗನ ಹೆಸರಿಗೆ ಬರೆದು, ಬ್ರೇಕನ್ನು ಮಗಳ ಕಾಲಿಗೆ ಬಿಟ್ಟುಹೋದರು. ಹೀಗಾಗಿ ಮಾಲೀಕ ಅವಳ ತಮ್ಮ. ಒಳ್ಳೆಯವನು, ಅಕ್ಕ ಅಂದರೆ ಪ್ರಾಣ. ಆದರೆ ಹೆದರುಪುಕ್ಕಲ. ಎಂಜಿನ್ನಿನಲ್ಲಿ 'ಕಿರ್' ಅಂದರೆ ಸಾಕು, ಮೂರು ದಿನ ಗಾಡಿ ಗ್ಯಾರೇಜಿನಲ್ಲಿ. ಸ್ಕೂಲಿನಲ್ಲಿ ಹಳೆಯ ಮೇಷ್ಟರೊಬ್ಬರಿದ್ದರು, ಅಪ್ಪನ ಕಾಲದವರು. ಒಂದು ಸಂಜೆ ಮಾತಿಗೆ ಮಾತು ಬಂದು, "ಯಾಕೋ ಕಾಲು ಜುಮ್ಮೆನ್ನುತ್ತೆ ಕಣಪ್ಪ" ಎಂದರು ನೋಡಿ. ಮಾರನೆಯ ದಿನ ಬೆಳಿಗ್ಗೆ ಅವರ ಕೈಯಿಂದ ಕಾರಿನ ಕೀಲಿ ಹೋಗಿ ರಬ್ಬರ್ ಸ್ಟಾಂಪು ಬಂತು. ಈಗ ಎಲ್ಲರೂ ಅವರನ್ನು ಸ್ಟಾಂಪ್ ಮಾವ ಎನ್ನುತ್ತಾರೆ. ದಿನವಿಡೀ ಆಫೀಸಿನ ಕಿಟಕಿ ಪಕ್ಕ ಕೂತು ಅರ್ಜಿಗಳಿಗೆ ಮುದ್ರೆ ಒತ್ತುತ್ತಾ, ಹೊರಗೆ ಹೋಗಿಬರುವ ಕಾರುಗಳನ್ನು ನೋಡುತ್ತಾ ಇರುತ್ತಾರೆ. ಕಾರು ಗಕ್ಕನೆ ನಿಂತಾಗ ಮೇಜಿನ ಕೆಳಗೆ ಅವರ ಬಲಗಾಲು ಇವತ್ತಿಗೂ ನೆಲ ಒತ್ತುತ್ತದೆ. ಅದನ್ನು ನೋಡಿದಾಗಲೆಲ್ಲ ಬ್ರೇಕಕ್ಕ ಬೇಗ ಕೀಲಿ ಎತ್ತಿಕೊಂಡು ಕಾರಿನ ಕಡೆ ಹೋಗಿಬಿಡುತ್ತಿದ್ದಳು.

ಅಂಥದ್ದರಲ್ಲಿ, ಎರಡು ವರ್ಷದ ಹಿಂದೆ, ಅವಳ ಬೆನ್ನೇ ಕೈಕೊಟ್ಟಿತು. ಪಂಕ್ಚರಾದ ಗಾಡಿಗೆ ಸ್ಟೆಪ್ನಿ ಚಕ್ರ ಎತ್ತಲು ಬಗ್ಗಿದಳು, ಸೊಂಟದಲ್ಲಿ ಲಟಕ್ ಅಂದಿತು. ಸಂಜೆ ಹೊತ್ತಿಗೆ ಕೂರುವ ಜಾಗವೆಲ್ಲ ಮರಗಟ್ಟಿ, ಕುರ್ಚಿಯ ಮೇಲೆ ಕೂತಿದ್ದಾಳೋ ಗಾಳಿಯ ಮೇಲೆ ಕೂತಿದ್ದಾಳೋ ತಿಳಿಯದಂತಾಯಿತು. ಒಂದಕ್ಕೆ ಹೋಗಬೇಕೆಂದು ಹೋದರೆ, ಏನು ಮಾಡಿದರೂ ಒಂದು ಹನಿ ಇಲ್ಲ. ಆಸ್ಪತ್ರೆಗೆ ಹೋದವಳನ್ನು ಡಾಕ್ಟರು ನೇರ ಆಪರೇಷನ್ ಕೋಣೆಗೇ ಕಳಿಸಿದರು. ಬೆನ್ನುಮೂಳೆಯ ನಡುವಿನ ಮೆತ್ತೆಯೊಂದು ಜಾರಿ, ಕೆಳಗೆ ಇಳಿಯುವ ನರಗಳ ಕಟ್ಟನ್ನು ಒತ್ತಿಹಿಡಿದಿತ್ತಂತೆ. ಮೆತ್ತೆ ತೆಗೆದರು. ಕಾಲಿಗೆ ಶಕ್ತಿ ಪೂರ್ತಿ ವಾಪಸ್ಸು ಬಂತು. ಮೂತ್ರಕೋಶದ ನರಗಳು ಮಾತ್ರ ಬರಲೊಲ್ಲೆ ಎಂದವು. ಅದು ತುಂಬಿದರೂ ಗೊತ್ತಾಗದು, ತಾನಾಗಿ ಖಾಲಿಯೂ ಆಗದು, ಮಿತಿ ಮೀರಿದರೆ ಹೇಳದೆ ಕೇಳದೆ ಸೋರುತ್ತದೆ.

ಅವಳ ಗಂಡ ಎಲೆಕ್ಟ್ರಿಷಿಯನ್. ಡಾಕ್ಟರು ಅರ್ಧ ಗಂಟೆ ಹೇಳಿದ್ದನ್ನು ಆತ ಮಂಚದ ಪಕ್ಕ ಕೂತು ಒಂದು ನಿಮಿಷದಲ್ಲಿ ಮುಗಿಸಿದ. "ಮೇನ್ ಲೈನ್ ಸರಿಯಾಗಿದೆ ಕಣೇ. ಟ್ಯಾಂಕಿಗೆ ಹೋಗೋ ವೈರು ಮಾತ್ರ ಸುಟ್ಟಿದೆ. ಟ್ಯಾಂಕ್ ತುಂಬಿದ್ರೆ ಬೆಲ್ ಹೊಡಿಯಲ್ಲ, ಸ್ವಿಚ್ ಹಾಕಿದ್ರೆ ಮೋಟರ್ ತಿರುಗಲ್ಲ. ಇನ್ಮೇಲೆ ಟೈಮ್ ನೋಡ್ಕೊಂಡು ಕೈಯಲ್ಲೇ ಖಾಲಿ ಮಾಡ್ಬೇಕು."

ಕೈಯಲ್ಲಿ ಖಾಲಿ ಮಾಡುವುದನ್ನು ಕಲಿಸಿದವಳು ಒಬ್ಬ ದಪ್ಪ ನರ್ಸು. ಪೆನ್ಸಿಲಿಗಿಂತ ಗಿಡ್ಡದಾದ, ನುಣುಪಾದ ಒಂದು ನಳಿಕೆ ಕೈಗೆ ಕೊಟ್ಟು, ಎದುರಿಗೆ ಒಂದು ಕೈಗನ್ನಡಿ ಹಿಡಿದಳು. ಬ್ರೇಕಕ್ಕ ಮುಖ ಆಚೆ ತಿರುಗಿಸಿದಳು.

"ನಾಚ್ಕೊಂಡ್ರೆ ದಾರಿ ಕಾಣಲ್ಲಮ್ಮ," ಎಂದಳು ನರ್ಸು. "ನೀವು ಗಾಡಿ ಕಲಿಸೋರಂತೆ. ಕನ್ನಡಿ ನೋಡದೆ ಒಳಗೆ ನುಗ್ಗಿಸಿ ಅಂತ ಯಾರಿಗಾದ್ರೂ ಹೇಳ್ತೀರಾ?"

ಬ್ರೇಕಕ್ಕನಿಗೆ ನಗು ತಡೆಯಲಾಗಲಿಲ್ಲ, ಹೊಲಿಗೆ ಹಾಕಿದ ಬೆನ್ನು ನೋಯುವಷ್ಟು ನಕ್ಕಳು. ಆಮೇಲೆ ಕನ್ನಡಿ ನೋಡಿದಳು. ಎಚ್ಚರವಿರುವಷ್ಟು ಹೊತ್ತು ಮೂರು ಗಂಟೆಗೊಮ್ಮೆ, ಕೈ ಸೋಪು ಹಚ್ಚಿ ತೊಳೆದು, ಪ್ರತಿ ಸಲ ಹೊಸ ನಳಿಕೆ; ತಪ್ಪಿಸಿದರೆ ಸೋಂಕು, ಹಠ ಮಾಡಿದರೆ ಕಿಡ್ನಿಗೆ ಏಟು ಎಂದು ನರ್ಸು ಹೆದರಿಸಿ ಕಳಿಸಿದಳು. ಮೊದಮೊದಲು ಅರ್ಧ ಗಂಟೆ ಹಿಡಿಯುತ್ತಿತ್ತು. ಕಲಿತ ಮೇಲೆ ಕೈ ತೊಳೆಯುವುದು, ಬಟ್ಟೆ ಸರಿಮಾಡಿಕೊಳ್ಳುವುದು ಎಲ್ಲ ಸೇರಿ ಹನ್ನೆರಡು ನಿಮಿಷ.

ಮೂರು ತಿಂಗಳಿಗೆ ಅವಳು ಕೆಲಸಕ್ಕೆ ಬಂದಳು. ಡಾಕ್ಟರು ಅವಳ ಕಾಲನ್ನು ಒತ್ತಿಸಿ, ಒದೆಸಿ, ಗಾಡಿಯ ಕೆಲಸಕ್ಕೆ ಅಡ್ಡಿಯಿಲ್ಲ ಎಂದು ಬರೆದುಕೊಟ್ಟಿದ್ದರು. ತಮ್ಮ ಆ ಕಾಗದವನ್ನು ಮೂರು ಸಲ ಓದಿದ.

"ಅಕ್ಕ, ಎಲ್ಲ ನೆಟ್ಟಗಿದೆ ತಾನೆ? ಎಲ್ಲೂ ಜುಮ್ಮನ್ನಲ್ಲ ತಾನೆ? ಏನಾದ್ರೂ ಇದ್ರೆ ಹೇಳು. ಆಫೀಸಲ್ಲಿ ಸ್ಟಾಂಪ್ ಮಾವನ ಪಕ್ಕ ಇನ್ನೊಂದು ಕುರ್ಚಿ ಹಾಕಿಸ್ತೀನಿ, ಫ್ಯಾನ್ ಕೆಳಗೆ."

ನರ ಎಂಬ ಎರಡಕ್ಷರ ಬಾಯಿಂದ ಬಿದ್ದರೆ ಆ ಕುರ್ಚಿ ಬಂದೇ ಬರುತ್ತದೆ. ಯಾವ ನರ, ಎಲ್ಲಿಗೆ ಹೋಗುವ ನರ ಎಂದು ಇವನು ಕೇಳುವ ಪೈಕಿಯಲ್ಲ. ಬ್ರೇಕಕ್ಕ ಕಣ್ಣು ಮಿಟುಕಿಸದೆ, "ನನಗೇನಾಗಿದೆ ದಾಡಿ? ಕೀಲಿ ಕೊಡು" ಎಂದಳು.

ಸುಳ್ಳು ಹೇಳುವುದು ಸುಲಭ, ಅದನ್ನು ಸಾಕುವುದು ಕಷ್ಟ. ಬೆಳಿಗ್ಗೆ ಏಳಕ್ಕೆ ಮನೆಯಲ್ಲಿ, ಮಧ್ಯಾಹ್ನ ಒಂದಕ್ಕೆ ಊಟಕ್ಕೆ ಹೋದಾಗ ಮನೆಯಲ್ಲಿ, ಸಂಜೆ ಏಳಕ್ಕೆ ಮತ್ತೆ ಮನೆಯಲ್ಲಿ. ನಡುವೆ ಉಳಿದವು ಎರಡು ಹೊತ್ತು: ಹತ್ತೂಕಾಲು ಮತ್ತು ನಾಲ್ಕು. ಸ್ಕೂಲಿನ ಆಫೀಸಿನ ಪಾಯಖಾನೆ ತಮ್ಮನ ಬೆನ್ನ ಹಿಂದೆಯೇ ಇತ್ತು, ಅದರ ಬಾಗಿಲಿಗೆ ಬೋಲ್ಟು ಬೀಳುತ್ತಿರಲಿಲ್ಲ. ಹಾಗಾಗಿ ಅವಳು ಊರಿನ ಪಾಯಖಾನೆಗಳ ಪರೀಕ್ಷೆಗೆ ಇಳಿದಳು. ಬೋಲ್ಟು ಗಟ್ಟಿ ಇದೆಯೇ, ಬ್ಯಾಗು ನೇತುಹಾಕಲು ಮೊಳೆ ಇದೆಯೇ, ಬೆಳಕು ಸಾಕೇ, ನಲ್ಲಿಯಲ್ಲಿ ಬರುವುದು ನೀರೋ ಬರೀ ಸದ್ದೋ. ಪೀಠೋಪಕರಣದ ಅಂಗಡಿಯಲ್ಲಿ ಮಂಚ ಕೊಳ್ಳುವವಳಂತೆ ನಾಲ್ಕು ಸಲ ಹೋಗಿಬಂದಳು. ಬ್ಯಾಂಕಿನಲ್ಲಿ ಬೆಳಕಿಲ್ಲ, ಬಸ್ ನಿಲ್ದಾಣದ್ದನ್ನು ಹೇಳುವುದೇ ಬೇಡ. ಕೊನೆಗೆ ಗೆದ್ದದ್ದು ದೊಡ್ಡ ರಸ್ತೆಯ ಲೈಬ್ರರಿ. ಓದುವವರು ಬರುವುದು ಕಡಿಮೆ, ಆದ್ದರಿಂದ ಫಳಫಳ ಅನ್ನುತ್ತಿತ್ತು. ಹೋಗಿಬರುವ ಹಕ್ಕಿರಲಿ ಎಂದು ಸದಸ್ಯೆಯೂ ಆದಳು. ದಿನಕ್ಕೆರಡು ಸಲ ತಪ್ಪದೆ ಬರುವ ಈ ಹೆಂಗಸಿನಷ್ಟು ಓದಿನ ಹುಚ್ಚಿನವರನ್ನು ಕಂಡಿಲ್ಲವೆಂದು ಲೈಬ್ರರಿಯನ್ ಎಲ್ಲರ ಹತ್ತಿರ ಹೇಳುತ್ತಿದ್ದರು. ಅವಳು ಎರಡು ವರ್ಷದಲ್ಲಿ ತೆಗೆದುಕೊಂಡುಹೋದದ್ದು ಒಂದು ಪುಸ್ತಕ, ಅದೂ ಅಲುಗಾಡುವ ಕಪಾಟಿಗೆ ಒತ್ತು ಕೊಡಲು.

ಇನ್ನು ಕಾರಿನಲ್ಲಿರುವ ವಿದ್ಯಾರ್ಥಿಯನ್ನು ಹನ್ನೆರಡು ನಿಮಿಷ ಏನು ಮಾಡುವುದು? ಅದಕ್ಕೂ ದಾರಿ ಹೊಳೆಯಿತು. ಹತ್ತೂಕಾಲಾಗುತ್ತಲೇ ಕೈಗಡಿಯಾರ ಮಣಿಕಟ್ಟಿನಲ್ಲಿ ಗುರ್ರ್ ಎನ್ನುತ್ತದೆ. "ಎಡಕ್ಕೆ ಹಾಕಿ. ಆ ಎರಡು ಗಾಡಿ ನಡುವೆ ರಿವರ್ಸಲ್ಲಿ ನಿಲ್ಲಿಸಿ. ಆಫ್ ಮಾಡಿ, ಕೀಲಿ ನನ್ನ ಕೈಗೆ ಕೊಡಿ," ಎನ್ನುತ್ತಾಳೆ. "ಈಗ ಕನ್ನಡಿ ಪಾಠ. ಹನ್ನೆರಡು ನಿಮಿಷ ಮೂರು ಕನ್ನಡಿ ಬಿಟ್ಟು ಬೇರೆ ಏನೂ ನೋಡ್ಬಾರ್ದು. ಯಾರು ಬಂದ್ರು, ಯಾರು ಹೋದ್ರು, ಕೊಡೆ ಎಷ್ಟು, ನಾಯಿ ಎಷ್ಟು, ಬಂದು ಕೇಳ್ತೀನಿ." ಕನ್ನಡಕದ ಡಬ್ಬಿ ಹಿಡಿದು ಇಳಿದುಹೋಗುತ್ತಾಳೆ. ಡಬ್ಬಿಯಲ್ಲಿ ಕನ್ನಡಕ ಇರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಪಾಠಕ್ಕೆ ಹೆಸರು ಕೊಟ್ಟವಳು ಆ ದಪ್ಪ ನರ್ಸು ಎಂಬುದು ಮಾತ್ರ ಅವಳೊಬ್ಬಳಿಗೇ ಗೊತ್ತು, ನೆನೆದು ಒಬ್ಬಳೇ ನಗುತ್ತಿದ್ದಳು.

ಮಜಾ ಏನೆಂದರೆ, ಈ ಕಳ್ಳ ಪಾಠ ನಿಜಕ್ಕೂ ಫಲ ಕೊಟ್ಟಿತು. ಹತ್ತು ಗಂಟೆಯವರೂ ನಾಲ್ಕು ಗಂಟೆಯವರೂ ಟೆಸ್ಟಿನಲ್ಲಿ ಪಾರ್ಕಿಂಗಿಗೆ ಪೂರ್ತಿ ಅಂಕ ತೆಗೆಯತೊಡಗಿದರು. ಹಿಂದೆ ಬರುವ ಇರುವೆಯೂ ಅವರ ಕಣ್ಣು ತಪ್ಪಿಸುತ್ತಿರಲಿಲ್ಲ. ಫಲಿತಾಂಶದ ಪಟ್ಟಿ ಹಿಡಿದು ಕೂತ ತಮ್ಮ, ಇದೇನು ಸಮಾಚಾರ ಎಂದು ಹುಡುಕಿ, ಒಬ್ಬ ವಿದ್ಯಾರ್ಥಿಯ ಬಾಯಿ ಬಿಡಿಸಿದ. ಮರುವಾರ ಸ್ಕೂಲಿನ ಬೋರ್ಡಿನ ಮೇಲೆ ಕೆಂಪಕ್ಷರದಲ್ಲಿ ಬಂತು: 'ನಮ್ಮಲ್ಲಿ ಮಾತ್ರ! ವಿಶೇಷ ಕನ್ನಡಿ ಪಾಠ.' ಬ್ರೇಕಕ್ಕ ಅದನ್ನು ನೋಡಿ ಬೆವೆತುಹೋದಳು.

ಅಷ್ಟಕ್ಕೇ ಬಿಡುವ ಆಸಾಮಿಯೇ ಅವನು? ಉಳಿದ ಇಬ್ಬರು ಮೇಷ್ಟರಿಗೂ ಈ ವಿದ್ಯೆ ಕಲಿಸಬೇಕೆಂದು, ಒಂದು ಬೆಳಿಗ್ಗೆ ನೋಟ್‌ಬುಕ್ಕು ಹಿಡಿದು ಹತ್ತು ಗಂಟೆಯ ಕಾರಿನ ಹಿಂದಿನ ಸೀಟಿನಲ್ಲಿ ಬಂದು ಕೂತ. ಲೈಬ್ರರಿ ಮುಂದೆ ಗಾಡಿ ನಿಂತಿತು. ಬ್ರೇಕಕ್ಕ ಡಬ್ಬಿ ಹಿಡಿದಳು.

"ನೀನೆಲ್ಲಿಗೆ ಹೋಗ್ತೀಯ ಅಕ್ಕ?"

"ಬಚ್ಚಿಟ್ಕೊಳ್ಳೋಕೆ," ಎಂದಳು, ಒಂದು ಚೂರೂ ತಡವರಿಸದೆ. "ಮೇಷ್ಟ್ರು ಎಲ್ಲಿಂದ ನೋಡ್ತಿದಾರೆ ಅಂತ ಕಲಿಯೋರಿಗೆ ಗೊತ್ತಾಗ್ಬಾರ್ದು. ಅದೇ ಇದರ ಗುಟ್ಟು. ನೀನೂ ಇಳಿ. ಮಾಲೀಕ ಹಿಂದೆ ಕೂತ್ರೆ ಯಾರ ಕಣ್ಣು ಕನ್ನಡಿಯಲ್ಲಿ ನಿಲ್ಲುತ್ತೆ? ಆ ಮರದ ಹತ್ರ ಹೋಗಿ ಬೆನ್ನು ತಿರುಗಿಸಿ ನಿಂತ್ಕೋ."

ಮಾಲೀಕ ಹನ್ನೆರಡು ನಿಮಿಷ ಮರದ ಕಡೆ ಮುಖ ಮಾಡಿ ನಿಂತ. ಹೋಗಿಬರುವವರು ಅಪಾರ್ಥ ಮಾಡಿಕೊಂಡು ಅವನನ್ನು ಬೈದರು. ಅದನ್ನೂ ಸಹಿಸಿಕೊಂಡು, 'ಮೇಷ್ಟರು ಬಚ್ಚಿಟ್ಟುಕೊಳ್ಳುವುದು' ಎಂದು ನೋಟ್‌ಬುಕ್ಕಿನಲ್ಲಿ ಅಡಿಗೆರೆ ಎಳೆದು ಬರೆದುಕೊಂಡ. ಮಾರನೆಯ ದಿನದಿಂದ ಉಳಿದ ಇಬ್ಬರು ಮೇಷ್ಟರು ಚಹದ ಅಂಗಡಿಯಲ್ಲಿ ಶ್ರದ್ಧೆಯಿಂದ ಬಚ್ಚಿಟ್ಟುಕೊಳ್ಳತೊಡಗಿದರು.

ನಗುವುದೇನೋ ನಕ್ಕಳು. ಆದರೆ ಎಲ್ಲ ದಿನವೂ ನಗುವ ದಿನವಲ್ಲ.

ಹತ್ತು ಗಂಟೆಗೆ ಆಗ ಕಲಿಯುತ್ತಿದ್ದವರು ಒಬ್ಬ ಹಲ್ಲಿನ ಡಾಕ್ಟರಮ್ಮ. ಊರಿನವರ ದವಡೆಗೆಲ್ಲ ಇಕ್ಕಳ ಹಾಕುವ ಧೀರೆ, ಸ್ಟೇರಿಂಗು ಹಿಡಿದರೆ ಗುಬ್ಬಿ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದರು, ಹೇಳದ್ದನ್ನು ಸತ್ತರೂ ಮಾಡುತ್ತಿರಲಿಲ್ಲ. ಮೊದಲ ಟೆಸ್ಟಿನಲ್ಲಿ ಯಾರೂ ಹೊರಡು ಎನ್ನಲಿಲ್ಲವೆಂದು ಹಸಿರು ದೀಪ ಮೂರು ಸಲ ಬಂದುಹೋಗುವವರೆಗೂ ನಿಂತೇ ಇದ್ದು ಫೇಲಾಗಿದ್ದರು. ಅವರು ಎರಡನೆಯ ಟೆಸ್ಟಿಗೆ ತಯಾರಾಗುತ್ತಿದ್ದಾಗ ಒಂದು ದಿನ ರೈಲ್ವೆ ಗೇಟು ಬಿತ್ತು. ಗೂಡ್ಸ್ ಗಾಡಿ ಬಂದು ಅಡ್ಡ ನಿಂತು ಕದಲಲಿಲ್ಲ. ಹಿಂದೆ ಮುಂದೆ ವಾಹನ. ಕೈಗಡಿಯಾರ ಗುರ್ರ್ ಅಂದಿತು, ಅಂದು ಸುಮ್ಮನಾಯಿತು. ಹತ್ತೂಮುಕ್ಕಾಲು. ಹನ್ನೊಂದು. ಬ್ರೇಕಕ್ಕನಿಗೆ ಏನೂ ಅನ್ನಿಸುತ್ತಿರಲಿಲ್ಲ, ಅದೇ ದೊಡ್ಡ ಕಾಟ. ಗೇಟು ತೆಗೆದು ಗಾಡಿ ಹೊರಟಾಗ ಸೀಟಿನ ಮೇಲೆ ಕೈಯೂರಿದಳು, ಒದ್ದೆ.

ಒಂದು ಕ್ಷಣ ತಲೆ ಖಾಲಿ. ಮರುಕ್ಷಣ ಎರಡನೆಯ ಬ್ರೇಕನ್ನು ಹಗುರವಾಗಿ ಒತ್ತಿ ಗಾಡಿ ಜಗ್ಗುವಂತೆ ಮಾಡಿ, ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಮಡಿಲ ಮೇಲೆ ಪೂರ್ತಿ ಬಗ್ಗಿಸಿಕೊಂಡಳು. "ಅಯ್ಯೋ ಡಾಕ್ಟರಮ್ಮ, ಬ್ರೇಕ್ ಹೀಗೆ ಒತ್ತೋದಾ? ನೋಡಿ ಏನಾಯ್ತು," ಎಂದಳು.

ಡಾಕ್ಟರಮ್ಮ ದಾರಿಯುದ್ದಕ್ಕೂ ಕ್ಷಮೆ ಕೇಳಿದರು. ಮನೆಗೆ ಹೋಗಿ ಬಚ್ಚಲಲ್ಲಿ ನಿಂತು ಬ್ರೇಕಕ್ಕ ಬಿಕ್ಕಿಬಿಕ್ಕಿ ಅತ್ತಳು. ಒದ್ದೆಯಾದದ್ದಕ್ಕಿಂತ ಹೆಚ್ಚಾಗಿ ಆ ಸುಳ್ಳಿಗೆ ಅತ್ತಳು. ಅದು ಸುಮ್ಮನೆ ಹೋಗುವ ಸುಳ್ಳಾಗಿರಲಿಲ್ಲ: ಅಂದಿನಿಂದ ಡಾಕ್ಟರಮ್ಮನಿಗೆ ಬ್ರೇಕ್ ಒತ್ತುವುದೆಂದರೇ ಭಯ. ಎರಡನೆಯ ಟೆಸ್ಟಿನಲ್ಲಿ ಮುಟ್ಟಿಯೂ ಮುಟ್ಟದ ಹಾಗೆ ಬ್ರೇಕು ಒತ್ತಿ, ನಿಲ್ಲಬೇಕಾದ ಗೆರೆ ದಾಟಿ, ಮತ್ತೆ ಫೇಲಾದರು. "ನನ್ನ ಕಾಲೇ ಒರಟು ಅಕ್ಕ," ಎಂದು ಅವರು ಹೇಳಿದಾಗ ಬ್ರೇಕಕ್ಕ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು. ಮೂರು ಸಲ ಫೇಲಾದರೆ ಒಂದು ವರ್ಷ ಮತ್ತೆ ಟೆಸ್ಟಿಗೆ ಕೂರುವ ಹಾಗಿಲ್ಲ ಎಂದು ಅಲ್ಲಿನ ನಿಯಮ.

ಮೂರನೆಯ ಟೆಸ್ಟಿನ ದಿನ ಒಂಬತ್ತಕ್ಕೆ ಹೋದರೆ ಸರತಿ ಬಂದದ್ದು ಹತ್ತಕ್ಕೆ. ಟೆಸ್ಟಿನ ಅಧಿಕಾರಿ ಒಣಕಲು ಮನುಷ್ಯ, ಮುಖದಲ್ಲಿ ನಗು ಇಲ್ಲ, ಕೈಯಲ್ಲಿ ಪೆನ್ನು. ಅವರು ಹಿಂದಿನ ಸೀಟಿನಲ್ಲಿ ಕೂತರು. ಕಲಿಸಿದವಳು ತನ್ನ ಬ್ರೇಕಿನ ಸೀಟಿನಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು, ಅವಳು ಬ್ರೇಕ್ ಒತ್ತಿದರೆ ಕಲಿತವರು ಫೇಲು. ಅಧಿಕಾರಿಯ ಪಕ್ಕ ತಮ್ಮ ತೂರಿಕೊಂಡ. ಮಾಲೀಕ ಕೂರಬಾರದು ಎಂದು ಎಲ್ಲೂ ಬರೆದಿರಲಿಲ್ಲವಲ್ಲ.

ಡಾಕ್ಟರಮ್ಮ ಅವತ್ತು ಚೆನ್ನಾಗಿಯೇ ಓಡಿಸಿದರು. ತಿರುವು, ಸಿಗ್ನಲ್ಲು, ಶಾಲೆಯ ಮುಂದಿನ ನಿಧಾನ, ಎಲ್ಲ ಸರಿಯಾಯಿತು. ಗಾಡಿ ದೊಡ್ಡ ರಸ್ತೆಗೆ ಬಂತು. "ನೇರ ಹೋಗಿ ಆಫೀಸಿಗೆ ವಾಪಸ್," ಎಂದರು ಅಧಿಕಾರಿ. ಅದೇ ಹೊತ್ತಿಗೆ ಬ್ರೇಕಕ್ಕನ ಮಣಿಕಟ್ಟಿನಲ್ಲಿ ಗುರ್ರ್. ಹತ್ತೂಕಾಲು. ಇನ್ನೇನು ಟೆಸ್ಟು ಮುಗಿಯಿತು, ಐದಾರು ನಿಮಿಷ ತಡವಾದರೆ ಏನೂ ಆಗುವುದಿಲ್ಲ ಎಂದುಕೊಂಡಳು ಅವಳು. ಆ ಸದ್ದು ಡಾಕ್ಟರಮ್ಮನ ಕಿವಿಗೂ ಬಿದ್ದಿತ್ತು. ನಾಲ್ಕು ತಿಂಗಳು ಪ್ರತಿ ಪಾಠದಲ್ಲೂ ಆ ಸದ್ದಿಗೆ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದರು. ಎಡ ಇಂಡಿಕೇಟರ್ ಹಾಕಿ, ಲೈಬ್ರರಿ ಮುಂದೆ ಎರಡು ಗಾಡಿಗಳ ನಡುವೆ ರಿವರ್ಸಿನಲ್ಲಿ ಕೂದಲೆಳೆಯಷ್ಟೂ ತಪ್ಪದೆ ನಿಲ್ಲಿಸಿ, ಆಫ್ ಮಾಡಿ, ಕೀಲಿಯನ್ನು ಬ್ರೇಕಕ್ಕನ ಕೈಗೆ ಕೊಟ್ಟು, ಮೂರು ಕನ್ನಡಿಗಳನ್ನು ನೋಡುತ್ತಾ ಕೂತುಬಿಟ್ಟರು.

ಹಿಂದಿನ ಸೀಟಿನಿಂದ ಒಣಕಲು ಮುಖವೊಂದು ಮುಂದಕ್ಕೆ ಬಾಗಿತು.

"ಯಾಕೆ ನಿಲ್ಸಿದ್ರಿ?" ಎಂದರು ಅಧಿಕಾರಿ.

"ಹತ್ತೂಕಾಲು ಆಯ್ತಲ್ಲ ಸಾರ್. ಅಕ್ಕ ಇಳಿದು ಹೋಗ್ತಾರೆ, ನಾನು ಹನ್ನೆರಡು ನಿಮಿಷ ಕನ್ನಡಿ ನೋಡ್ಬೇಕು," ಎಂದವರು, ಹೇಳಿ ಮುಗಿಸುವಷ್ಟರಲ್ಲಿ ಎಲ್ಲಿದ್ದೇವೆಂದು ಹೊಳೆದು, ಸುಣ್ಣದಂತೆ ಬಿಳಿಚಿಕೊಂಡರು.

"ಸಾರ್, ಇದು ನಮ್ಮ ಸ್ಕೂಲಿನ ವಿಶೇಷ..." ಎಂದು ತಮ್ಮ ಶುರುಮಾಡಿದ.

"ಇದು ಟೆಸ್ಟು, ಪಾಠ ಅಲ್ಲ. ಹೇಳದೆ ನಡುದಾರಿಯಲ್ಲಿ ನಿಲ್ಲಿಸಿದ್ದಾರೆ," ಎಂದು ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು.

ಬ್ರೇಕಕ್ಕನ ನಾಲಿಗೆಯ ತುದಿಗೆ ಎರಡು ಮೂರು ಸುಳ್ಳು ಓಡಿಬಂದವು. ಎಂಜಿನ್ ಬಿಸಿಯಾಯಿತು ಎನ್ನಬಹುದು, ಚಕ್ರದಲ್ಲಿ ಸದ್ದು ಬಂತು ಎನ್ನಬಹುದು, ತಾನೇ ಬ್ರೇಕ್ ಒತ್ತಿದೆ ಎನ್ನಬಹುದು. ಯಾವುದನ್ನು ಹೇಳಿದರೂ ತನ್ನ ಸೀಟು ಉಳಿಯುತ್ತದೆ, ಹತ್ತೂಕಾಲು ಎಂದು ಆಗಲೇ ಬಾಯಿಬಿಟ್ಟ ಡಾಕ್ಟರಮ್ಮ ಉಳಿಯುವುದಿಲ್ಲ. ಡಾಕ್ಟರಮ್ಮ ಕನ್ನಡಿಯಿಂದ ಕಣ್ಣು ತೆಗೆದಿರಲಿಲ್ಲ. ಕಣ್ಣಿನಲ್ಲಿ ನೀರು ನಿಂತಿತ್ತು. ತನ್ನ ತಪ್ಪನ್ನು ಇನ್ನೊಂದು ಸಲ ಈ ಹೆಂಗಸಿನ ತಲೆಗೆ ಕಟ್ಟುವುದು ಬ್ರೇಕಕ್ಕನಿಂದ ಆಗಲಿಲ್ಲ. ಹಿಂದೆ ತಿರುಗಿದಳು.

"ಸಾರ್, ತಪ್ಪು ಇವರದ್ದಲ್ಲ. ನನ್ನ ಮೂತ್ರಕೋಶದ್ದು."

ಅಧಿಕಾರಿಯ ಪೆನ್ನು ಗಾಳಿಯಲ್ಲೇ ನಿಂತಿತು. ಅವರ ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

"ನನ್ನ ಬೆನ್ನಿನ ಆಪರೇಷನ್ ಆದಾಗ ಅದರ ನರ ಹೋಯ್ತು. ತುಂಬಿದ್ರೂ ನನಗೆ ಗೊತ್ತಾಗಲ್ಲ. ಅದಕ್ಕೇ ಗಡಿಯಾರ ಕೂಗಿದಾಗ ಹೋಗಿ ನಳಿಕೆ ಹಾಕಿ ತೆಗೀತೀನಿ. ದಿನಾ ಹತ್ತೂಕಾಲಿಗೆ ಇಲ್ಲಿ, ಈ ಲೈಬ್ರರಿಯಲ್ಲಿ. ನಾನು ಬರೋವರೆಗೂ ಇವರನ್ನ ಕೂರಿಸೋಕೆ ಕನ್ನಡಿ ಪಾಠ ಅಂತ ಒಂದು ಕಥೆ ಕಟ್ಟಿದ್ದೆ. ಇವರು ನಾನು ಕಲಿಸಿದ್ದನ್ನೇ ಮಾಡಿದಾರೆ." ಆಮೇಲೆ ಡಾಕ್ಟರಮ್ಮನ ಕಡೆ ನೋಡಿದಳು. "ಅವತ್ತು ಗೇಟಿನ ಹತ್ರ ನೀವು ಒರಟಾಗಿ ಬ್ರೇಕ್ ಒತ್ತಲಿಲ್ಲ. ಒತ್ತಿದ್ದು ನಾನು. ಸೀಟು ಒದ್ದೆ ಮಾಡಿದ್ದೂ ನಾನೇ. ನಿಮ್ಮ ಕಾಲಿನಲ್ಲಿ ಏನೂ ತಪ್ಪಿಲ್ಲ."

ತಮ್ಮನ ಕಡೆ ನೋಡುವ ಧೈರ್ಯ ಅವಳಿಗಾಗಲಿಲ್ಲ. "ಹೇಗೂ ನಿಂತಿದೆ, ಹೋಗಿ ಬಂದುಬಿಡ್ತೀನಿ," ಎಂದು ಡಬ್ಬಿ ಹಿಡಿದು ಇಳಿದಳು.

ಒಳಗೆ ಬೋಲ್ಟು ಹಾಕಿಕೊಂಡಳು. ಕೈಗೆ ಸೋಪು ಹಚ್ಚಿ ತೊಳೆದಳು. ಕೆಲಸ ಎಂದಿನಂತೆ ನಡೆಯಿತು, ಮನಸ್ಸು ಮಾತ್ರ ಆಫೀಸಿನ ಕಿಟಕಿ ಪಕ್ಕ ಇನ್ನೊಂದು ಕುರ್ಚಿ ಹಾಕಿ, ಅದರಲ್ಲಿ ತನ್ನನ್ನು ಕೂರಿಸಿ ನೋಡುತ್ತಿತ್ತು. ಹತ್ತೊಂಬತ್ತು ವರ್ಷ ಮುಗಿಯಿತು ಎನ್ನಿಸಿತು.

ಕಾರಿನಲ್ಲಿ ನಡೆದದ್ದು ಅವಳಿಗೆ ತಿಳಿದದ್ದು ಆಮೇಲೆ, ಡಾಕ್ಟರಮ್ಮನ ಬಾಯಿಂದ. ಅಧಿಕಾರಿ, "ಹಾಗಾದ್ರೆ ಕನ್ನಡಿಯಲ್ಲಿ ಏನು ನೋಡಿದ್ರಿ ಹೇಳಿ" ಎಂದರಂತೆ. ಡಾಕ್ಟರಮ್ಮ ಮೂಗು ಎಳೆದುಕೊಳ್ಳುತ್ತಾ ಒಪ್ಪಿಸಿದರು: ಬಲಗನ್ನಡಿಯಲ್ಲಿ ಏಣಿ ಹೊತ್ತವನೊಬ್ಬ, ಮೂರು ಸೈಕಲ್ಲು, ಒಂದು ಕುಂಟು ನಾಯಿ, ಎಡಗನ್ನಡಿಯಲ್ಲಿ ಎರಡು ಕೊಡೆ, ನಡುಗನ್ನಡಿಯಲ್ಲಿ, ಸಿನಿಮಾ ಟಿಕೆಟಿನ ಸಾಲಿನಲ್ಲಿ, ನಿಮ್ಮ ಆಫೀಸಿನ ಗುಮಾಸ್ತರು. ಗುಮಾಸ್ತ ಅವತ್ತು ನೂರಮೂರು ಜ್ವರವೆಂದು ರಜೆ ಹಾಕಿದ್ದನಂತೆ. ಅಧಿಕಾರಿ ತಿರುಗಿ ಒಮ್ಮೆ ನೋಡಿದರು, ಏನನ್ನೋ ಬರೆದುಕೊಂಡರು. ಅದು ಯಾರ ಅಂಕವೋ ಆಗ ತಿಳಿಯಲಿಲ್ಲ ಎಂದರು ಡಾಕ್ಟರಮ್ಮ.

ಬ್ರೇಕಕ್ಕ ವಾಪಸ್ಸು ಬಂದಾಗ ಅವಳ ಸೀಟಿನಲ್ಲಿ ತಮ್ಮ ಕೂತಿದ್ದ. ಕಾಲು ಬ್ರೇಕಿನ ಮೇಲಿತ್ತು. ಅವಳನ್ನು ನೋಡಲಿಲ್ಲ, ಏಳಲೂ ಇಲ್ಲ. ಕೀಲಿ ಡಾಕ್ಟರಮ್ಮನಿಗೆ ಕೊಟ್ಟು, ಅಧಿಕಾರಿಯ ಪಕ್ಕ ಹಿಂದಿನ ಸೀಟಿನಲ್ಲಿ ಕೂತಳು. ಅಲ್ಲಿ ಕಾಲಿನ ಕೆಳಗೆ ಬರೀ ಮ್ಯಾಟು.

ಡಾಕ್ಟರಮ್ಮ ಪಾಸಾದರು. ಪಾರ್ಕಿಂಗಿಗೆ ಪೂರ್ತಿ ಅಂಕ, ಹೇಳದೆ ನಿಲ್ಲಿಸಿದ್ದಕ್ಕೆ ಕಡಿತ, ಆದರೂ ಪಾಸು. ಅವರು ಬ್ರೇಕಕ್ಕನ ಎರಡೂ ಕೈ ಹಿಡಿದುಕೊಂಡು ಅತ್ತರು, ಆಮೇಲೆ ತಮ್ಮ ಕ್ಲಿನಿಕ್ಕಿನ ಪಾಯಖಾನೆಯ ವರ್ಣನೆ ಮಾಡಿದರು: ಬಿಸಿನೀರಿದೆ, ಬೋಲ್ಟು ಎರಡಿವೆ, ಯಾವಾಗ ಬೇಕಾದರೂ ಬನ್ನಿ.

ಡಾಕ್ಟರಮ್ಮನನ್ನು ಕ್ಲಿನಿಕ್ಕಿನ ಹತ್ತಿರ ಇಳಿಸಿದ ಮೇಲೆ ತಮ್ಮ ತಾನೇ ಸ್ಟೇರಿಂಗ್ ಹಿಡಿದು, "ಮುಂದೆ ಬಾ" ಎಂದ. ಅವಳು ಬಂದು ತನ್ನ ಸೀಟಿನಲ್ಲಿ ಕೂತಳು. ಇದೇ ಕೊನೆ ಸಲ ಎಂದುಕೊಂಡೇ ಕೂತಳು. ಅವನು ಸ್ಕೂಲಿನ ಆಫೀಸು ದಾಟಿ, ಹಿಂದಿನ ಮೈದಾನಕ್ಕೆ ಗಾಡಿ ತಂದ. ಹೊಸಬರಿಗೆ ಮೊದಲ ಪಾಠ ನಡೆಯುವುದು ಅಲ್ಲೇ. ತುದಿಯಲ್ಲಿ ಉದ್ದಕ್ಕೂ ಇಟ್ಟಿಗೆಯ ಗೋಡೆ.

ಗಾಡಿ ಗೋಡೆಯ ಕಡೆ ಹೊರಟಿತು. ಒಂದನೆಯ ಗೇರು, ಎರಡನೆಯ ಗೇರು. ಅವಳು ಅವನ ಮುಖ ನೋಡಿದಳು. ಎಂಜಿನ್ನಿನಲ್ಲಿ 'ಕಿರ್' ಅಂದರೆ ಹೆದರುವವನು, ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಕೆಳಗಿನ ತನ್ನ ಎರಡು ಕಾಲುಗಳನ್ನೂ ಎತ್ತಿ ಸೀಟಿನ ಮೇಲೆ ಮಡಚಿಟ್ಟುಕೊಂಡ. ಕಾರಿನಲ್ಲಿ ಆಗ ಇದ್ದದ್ದು ಒಂದೇ ಬ್ರೇಕು.

ಗೋಡೆ ಹತ್ತಿರ ಬಂತು. ಅವಳು ಒತ್ತಲಿಲ್ಲ. ಇಟ್ಟಿಗೆಯ ನಡುವಿನ ಗಾರೆ ಕಾಣಿಸುವಷ್ಟು ಹತ್ತಿರ ಬಂತು. ತಮ್ಮನ ಉಸಿರು ನಿಂತೇಹೋಯಿತು. ಆಗ ಒತ್ತಿದಳು. ಗಾಡಿ ಒಂದು ಸಲ ಮುಗ್ಗರಿಸಿ, ಎಂಜಿನ್ ಆಫ್ ಆಗಿ, ಗೋಡೆಯಿಂದ ಗೇಣು ದೂರದಲ್ಲಿ ನಿಂತಿತು.

ಮಡಚಿದ್ದ ಕಾಲು ಕೆಳಗಿಳಿಸಿ ತಮ್ಮ, "ಅಷ್ಟು ಹತ್ರ ಯಾಕೆ ಬಿಟ್ಟೆ?" ಎಂದ.

"ನೀನು ಕಣ್ಣು ಮುಚ್ತೀಯಾ ಅಂತ ನೋಡ್ತಿದ್ದೆ."

"ಮುಚ್ಚಲಿಲ್ಲ."

"ನೀನು ಮುಚ್ಚಿದ್ದೆ."

"ಒಂದು ಕಣ್ಣು ಮುಚ್ಚಿದ್ದೆ," ಎಂದ.

"ಇಷ್ಟೆಲ್ಲ ನಾಟಕ ಯಾಕೋ? ನನ್ನ ಕಾಲು ಹೇಗಿದೆ ಅಂತ ಬಾಯಲ್ಲಿ ಒಂದು ಮಾತು ಕೇಳೋಕಾಗ್ತಿರ್ಲಿಲ್ವಾ?"

"ಕೇಳಿದ್ನಲ್ಲ ಅಕ್ಕ. ಎರಡು ವರ್ಷದ ಹಿಂದೇನೇ ಕೇಳಿದ್ದೆ. ನೀನು ಹೇಳಲಿಲ್ಲ." ಅವನು ಗೋಡೆಯನ್ನೇ ನೋಡುತ್ತಿದ್ದ. "ಅಪ್ಪ ಹೋದ ಮೇಲೆ ನಿನಗೆ ನಾನು, ನನಗೆ ನೀನು ಅಂದ್ಕೊಂಡಿದ್ದೆ. ನೀನು ದಿನಾ ನನ್ನಿಂದ ಬಚ್ಚಿಟ್ಕೋತಿದ್ದೆ. ನಾನು ಪೆದ್ದನ ಥರ ಮರದ ಹತ್ರ ನಿಂತಿದ್ದೆ."

ಬ್ರೇಕಕ್ಕನ ಕಣ್ಣು ತುಂಬಿ ಗೋಡೆ ಮಸುಕಾಯಿತು. ನೀನು ಹೆದರುಪುಕ್ಕಲ, ಅದಕ್ಕೇ ಹೇಳಲಿಲ್ಲ ಎನ್ನಲು ಹೋದಳು, ಹೆದರಿದವಳು ತಾನು, ಅವನಲ್ಲ ಎಂದು ಆಗ ಹೊಳೆದು, "ತಪ್ಪಾಯ್ತು ಕಣೋ" ಎಂದಳು.

ತಮ್ಮ ಮೂಗು ಒರೆಸಿಕೊಂಡು ಕೈಗಡಿಯಾರ ನೋಡಿದ. ನಾಚುತ್ತಾ, ಹಿಂಜರಿಯುತ್ತಾ, "ಮತ್ತೆ... ಈಗ ಹೋಗ್ಬೇಕಾ?" ಎಂದು ಕೇಳಿದ.

"ಒಂದು ಗಂಟೆಗೆ."

"ಇನ್ನೂ ಒಂದೂವರೆ ಗಂಟೆ ಇದೆ."

"ಇದೆ. ಹನ್ನೊಂದೂವರೆಯವರು ಆಫೀಸ್ ಮುಂದೆ ಕಾಯ್ತಿದಾರೆ. ನೀನು ಇಳಿ, ಅವರನ್ನ ಕಳಿಸು."

ಅವನು ಕೀಲಿಯನ್ನು ಹಾಗೇ ಬಿಟ್ಟು, ಬಾಗಿಲು ತೆಗೆದು ಇಳಿದ. ಬಾನೆಟ್ ಹಿಡಿದುಕೊಂಡು ಒಂದು ನಿಮಿಷ ನಿಂತು, ಆಮೇಲೆ ಮೆಲ್ಲಗೆ ಆಫೀಸಿನ ಕಡೆ ನಡೆದ. ಬ್ರೇಕಕ್ಕ ಕಣ್ಣೊರೆಸಿಕೊಂಡಳು, ಸೀಟಿನಿಂದ ಮಾತ್ರ ಕದಲಲಿಲ್ಲ.